ಗಂಗತ್ತಿಗೆ ಗಂಡನ್ನು ಗುಡ್ಡ ಹತ್ತಿಸಿದ್ದು

ನಮ್ಮ ಊರಿನಲ್ಲಿ ಮದುವೆ ಗಂಡನ್ನು ಹೆಣ್ಣೇ ಗುಡ್ಡ ಹತ್ತಿಸಿ ಕರೆತರಬೇಕೆಂಬ ಶಾಸ್ತ್ರವೇನೂ ಇಲ್ಲ. ನಮ್ಮ ಗಂಗತ್ತಿಗೆಯ ಪಾಲಿಗೆ ಮಾತ್ರ ಹಾಗೆ ಒದಗಿ ಬಂತು. ಆವತ್ತು ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಕಲ್ಲಿದ್ದಲು ಹಾಕಿದವಳು ನಾನೇ ಆದ್ದರಿಂದ ಅದನ್ನು ನಾನೇ ಹೇಳುವುದು ಒಳ್ಳೆಯದು. ಊರಿನವರು ಹೇಳಿದರೆ ಎಂಜಿನ್ನಿಗೆ ರೆಕ್ಕೆ ಬಂದಿರುತ್ತದೆ.

ಊರು ಇರುವುದು ಗುಡ್ಡದ ನೆತ್ತಿಯಲ್ಲಿ. ವಾರಕ್ಕೊಮ್ಮೆ ಕೆಳಗಿನ ಸ್ಟೇಷನ್ನಿನಿಂದ ಉಗಿಬಂಡಿ ಬರುತ್ತದೆ. ಅಕ್ಕಿ, ಸೀಮೆಎಣ್ಣೆ, ಔಷಧಿ, ನೆಂಟರು ಎಲ್ಲ ಅದರಲ್ಲೇ. ಇಳಿಯುವಾಗ ರೈಲು ತನ್ನಷ್ಟಕ್ಕೆ ತಾನು ಇಳಿದು ಹೋಗುತ್ತದೆ. ಹತ್ತಬೇಕಾದರೆ ಸ್ಟೇಷನ್ ಪಕ್ಕದ ಹೆಂಚಿನ ಕೋಣೆಯಲ್ಲಿರುವ ಕಂಪ್ಯೂಟರಿನಲ್ಲಿ ಯಾರಾದರೂ ರೈಲಿನ ಆಟ ಆಡಬೇಕು. ಪರದೆಯ ಮೇಲಿನ ಎಂಜಿನ್ ಹತ್ತಿದಷ್ಟೇ ಗುಡ್ಡದ ಎಂಜಿನ್ನೂ ಹತ್ತುತ್ತದೆ. ಅದು ನಿಂತರೆ ಇದೂ ನಿಲ್ಲುತ್ತದೆ. ಆಟ ಆಡುವ ಕೆಲಸ ಕೆರೆಯ ತೂಬು ಕಾಯುವ ಪಾಳಿಯ ಹಾಗೆ ಮನೆಯಿಂದ ಮನೆಗೆ ಸುತ್ತುತ್ತದೆ.

ಕೆಳಗೆ ಟಿಕೆಟ್ ಕೊಳ್ಳುವ ಮೊದಲು ಎಲ್ಲರೂ ಕೇಳುವ ಮಾತು ಒಂದೇ: "ಇವತ್ತು ಯಾರ ಪಾಳಿ?" ಕ್ಷೌರದ ಚೌಡಪ್ಪನ ಪಾಳಿಯಾದರೆ ಮಜ್ಜಿಗೆಯ ತಂಬಿಗೆಯನ್ನು ಮುಚ್ಚದೆ ತರಬಹುದು, ಅಷ್ಟು ನಯದ ಕೈ. ಶಾಲೆಯ ಟೀಚರಮ್ಮನದಾದರೆ ಎರಡು ಹೊತ್ತಿನ ಬುತ್ತಿ ಕಟ್ಟಿಕೊಳ್ಳಬೇಕು. ಒತ್ತಡದ ಮುಳ್ಳು ಕೂದಲೆಳೆಯಷ್ಟು ಇಳಿದರೂ ಆಕೆ ನಿಲ್ಲಿಸಿಬಿಡುತ್ತಾರೆ. ಬೆಲ್ಲದ ಮಂಡಿಯ ಅಣ್ಣತಮ್ಮಂದಿರು ಜಗಳವಾಡಿಕೊಂಡೇ ಓಡಿಸುವುದರಿಂದ ಬಸುರಿಯರು ಆ ವಾರ ಪ್ರಯಾಣ ಮಾಡುವುದಿಲ್ಲ. ಆವಿ ಸಾಲದೆ ರೈಲು ನಡುದಾರಿಯಲ್ಲಿ ನಿಂತರೆ ಬ್ರೇಕು ಹಿಡಿದು ಹಿಡಿದು ಹಿಂದಕ್ಕೆ ಜಾರಿಸಿ ಕೆಳಗಿನ ಸ್ಟೇಷನ್ನಿಗೇ ಬಿಡಬೇಕು. ಆಗ ಊರಿನವರು "ಗುಡ್ಡ ಒಲ್ಲೆ ಅಂತು" ಎನ್ನುತ್ತಾರೆ. ಬೈಯುವುದಿಲ್ಲ. ಮುಂದಿನ ವಾರದವರೆಗೆ ಸಕ್ಕರೆ ಇಲ್ಲದ ಚಹಾ ಕುಡಿಯುತ್ತಾರೆ, ಅಷ್ಟೆ.

ಗಂಗತ್ತಿಗೆ ನನ್ನ ಅಣ್ಣ ಬಸಲಿಂಗನ ಹೆಂಡತಿ. ಪೂರ್ತಿ ಹೆಸರು ಶಿವಗಂಗಮ್ಮ. ಅಣ್ಣ ಜ್ವರದಲ್ಲಿ ಹೋದಾಗ ಅವಳಿಗೆ ಇನ್ನೂ ಚಿಕ್ಕ ವಯಸ್ಸು. ತವರಿಗೆ ಹೋಗಲಿಲ್ಲ. ನನಗೂ ಮದುವೆ ಕೂಡಿಬರಲಿಲ್ಲ. ನಾವಿಬ್ಬರೇ ಮದುವೆಮನೆಗಳಿಗೆ ಪಾತ್ರೆ ಬಾಡಿಗೆಗೆ ಕೊಟ್ಟುಕೊಂಡು ಸಂಸಾರ ನಡೆಸಿದೆವು. ಊರಿನ ಯಾವ ಮದುವೆಯ ಸಾರಾದರೂ ನಮ್ಮ ಕೊಳಗದಲ್ಲೇ ಕುದಿಯಬೇಕು. ಊಟಕ್ಕೆ ಹೋದಾಗ ಅತ್ತಿಗೆ ಎಲೆಯ ಮೇಲಿನ ಅನ್ನಕ್ಕಿಂತ ಬಡಿಸುವ ಸೌಟಿನ ಮೇಲೆಯೇ ಕಣ್ಣಿಟ್ಟಿರುತ್ತಿದ್ದಳು. ಅಣ್ಣ ಇದ್ದಾಗ ನಮ್ಮ ಮನೆಯ ಪಾಳಿಯಲ್ಲಿ ಅವನು ರೈಲು ಓಡಿಸುತ್ತಿದ್ದ, ಅವಳು ಪಕ್ಕದಲ್ಲಿ ಕೂತು ಬೆಂಕಿ ನೋಡಿಕೊಳ್ಳುತ್ತಿದ್ದಳು. ಅವನು ಹೋದಮೇಲೆ ಅವಳು ಆ ಕೋಣೆಯ ಹೊಸಿಲು ತುಳಿಯಲಿಲ್ಲ. ಕೋಣೆ ಕಾಯುವ ಇಮಾಮಣ್ಣನೇ ನಮ್ಮ ಪಾಳಿ ಮುಗಿಸಿಕೊಡುತ್ತಿದ್ದ.

ನಮ್ಮ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಲು ಕೆಳಗಿನಿಂದ ಮಹಲಿಂಗಪ್ಪ ಬರುತ್ತಿದ್ದ. ಹೆಂಡತಿ ತೀರಿಕೊಂಡವ, ಮಕ್ಕಳಿಲ್ಲ. ಹಿತ್ತಿಲಿನಲ್ಲಿ ಕುಳಿ ತೋಡಿ, ಗಾಳಿಯೂದುವ ತಿದಿ ಹೂಡಿ, ಬಾಯಿ ಬಿಡದೆ ಕೆಲಸ ಮಾಡುತ್ತಿದ್ದ. ಕಾದ ಪಾತ್ರೆಯೊಳಗೆ ಅರಿವೆ ಆಡಿಸಿದನೆಂದರೆ ಬೆಳ್ಳಿಯಂಥ ಹೊಳಪು ತಳದಿಂದ ಎದ್ದು ಬರುತ್ತಿತ್ತು. ಒಂದು ಸಲ ನೋಡುತ್ತೇನೆ, ಹಿಂದಿನ ದಿನವಷ್ಟೇ ಕಲಾಯಿಯಾಗಿ ಫಳಫಳ ಅನ್ನುತ್ತಿದ್ದ ಹಂಡೆಯನ್ನೇ ಅತ್ತಿಗೆ ಮತ್ತೆ ತಂದು ಅವನ ಮುಂದಿಟ್ಟಳು. ಅವನು ತುಟಿಪಿಟಕ್ಕೆನ್ನದೆ ಅದನ್ನು ಬೆಂಕಿಗೆ ಹಿಡಿದ.

ನಾನು ತಡೆಯಲಾರದೆ ಕೇಳಿದೆ. "ಅಲ್ಲ ಮಹಲಿಂಗಪ್ನೋರೇ, ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡ್ತಿದ್ದೀರಲ್ಲ?"

"ಅವ್ರು ಕೊಟ್ರು, ನಾನು ಮಾಡ್ದೆ" ಎಂದ. ತಲೆ ಎತ್ತಲಿಲ್ಲ. ಕಿವಿ ಮಾತ್ರ ಕಾದ ತಾಮ್ರದ ಬಣ್ಣಕ್ಕೆ ತಿರುಗಿತ್ತು.

ಅತ್ತಿಗೆಯನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿ ಕೇಳಿದಾಗ ಅವಳು ಒಲೆಯ ಕಡೆ ತಿರುಗಿಕೊಂಡು, "ನಿಂಗೆ ಬೇಜಾರಾಗಲ್ಲ ಅಂದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು. ನನಗೆ ಯಾಕೆ ಬೇಜಾರು? ಅವನು ತಿದಿ ಸಮೇತ ನಮ್ಮ ಹಿತ್ತಿಲಿಗೇ ಬಂದು ನೆಲೆಸುವುದೆಂದು ಮಾತಾಯಿತು. ನಾನೇ ಮುಂದೆ ಬಿದ್ದು ಮುಹೂರ್ತ ಇಡಿಸಿದೆ.

ಮನೆತನಕ್ಕೆ ಹಿರಿಯನಾಗಿ ಉಳಿದವನು ನನ್ನ ಚಿಕ್ಕಪ್ಪ ಕೊಟ್ರಪ್ಪ. ಕೆಟ್ಟವನಲ್ಲ. ಅಣ್ಣ ಹೋದಮೇಲೆ ನಮ್ಮ ಮನೆಯ ಸೌದೆ, ಸೂರು ಎಲ್ಲ ನೋಡಿಕೊಂಡವನು ಅವನೇ. ಆದರೆ ಈ ಮದುವೆಯ ಮಾತಿಗೆ ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಷ್ಟರಲ್ಲಿ ಗಂಡಿನ ಕಡೆಯವರು ಬರುವ ವಾರವೇ ನಮ್ಮ ಮನೆಯ ಪಾಳಿ ಬಂದಿದೆಯೆಂದು ಗೊತ್ತಾಯಿತು. ಎಂದಿನಂತೆ ಇಮಾಮಣ್ಣ ಓಡಿಸಲು ತಯಾರಿದ್ದ. ಚಿಕ್ಕಪ್ಪ ತನ್ನ ಮನೆಯ ಜಗಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದವನು ಕತ್ತರಿ ಕೆಳಗಿಟ್ಟ.

"ಇಮಾಮ ಬ್ಯಾಡ. ಅವಳ ಮನೆಗೆ ಬರೋ ಗಂಡು. ಅವಳೇ ಹತ್ತಿಸ್ಕೊಳ್ಳಿ. ಗುಡ್ಡ ಒಪ್ಪಿದ್ರೆ ನಾನೂ ಒಪ್ಪಿದ ಹಾಗೆ. ಒಲ್ಲೆ ಅಂತೋ, ಈ ಮಾತು ಇಲ್ಲಿಗೇ ಬಿಡಬೇಕು."

"ಅದೇನು ಚಿಕ್ಕಪ್ಪ, ಅವಳು ಒಂದು ಸಲಾನೂ ಓಡಿಸಿದವಳಲ್ಲ..." ಎಂದು ನಾನು ಜಗಳಕ್ಕೆ ನಿಂತೆ. ಅತ್ತಿಗೆ ಸೆರಗು ಸರಿಮಾಡಿಕೊಂಡು, "ಆಗ್ಲಿ ಮಾವ" ಎಂದುಬಿಟ್ಟಳು.

ಮನೆಗೆ ಬರುವ ದಾರಿಯಲ್ಲಿ ಅವಳ ಮೇಲೆ ರೇಗಿದೆ. "ಯಾಕೆ ಒಪ್ಕೊಂಡೆ?"

"ನಂಗೂ ಗೊತ್ತಾಗ್ಬೇಕಿತ್ತು ಕಣೇ" ಎಂದಳು. ಏನು ಗೊತ್ತಾಗಬೇಕಿತ್ತೋ ಹೇಳಲಿಲ್ಲ.

ಗಂಡಿನ ಕಡೆಯವರು ಬರುವ ದಿನ ಮಧ್ಯಾಹ್ನದ ಊಟ ಯಾರಿಗೂ ಸೇರಲಿಲ್ಲ. ಕೋಣೆಯ ಹೊರಗೆ ಅರ್ಧ ಊರು ನೆರೆದಿತ್ತು. ಒಳಗೆ ಓಡಿಸುವವರು, ಬೆಂಕಿ ನೋಡುವವರು ಇಬ್ಬರಿಗೇ ಪ್ರವೇಶ. ಇಮಾಮಣ್ಣ ಬಾಗಿಲಲ್ಲಿ ನಿಲ್ಲುತ್ತಾನೆ. ಕೀಲಿಮಣೆಯ ಅಕ್ಷರಗಳೆಲ್ಲ ಸವೆದು ಹೋಗಿವೆ. ಅವನು ಗುರುತಿಗೆಂದು ಬಳೆಚೂರು ಅಂಟಿಸಿದ್ದಾನೆ: ಆವಿಗೆ ಹಸಿರು, ಬ್ರೇಕಿಗೆ ಕೆಂಪು, ಚಕ್ರದ ಕೆಳಗೆ ಮರಳು ಸುರಿಸುವುದಕ್ಕೆ ಹಳದಿ. ಕಲ್ಲಿದ್ದಲು ಮತ್ತು ನೀರು ನನ್ನ ಕಡೆಯವು, ಕಪ್ಪು ಮತ್ತು ನೀಲಿ. ನೀರು ಕಡಿಮೆಯಾದರೆ ಬಾಯ್ಲರ್ ಸುಡುತ್ತದೆ. ನೀರು ಬಿಟ್ಟರೆ ಬಾಯ್ಲರ್ ತಣ್ಣಗಾಗಿ ಆವಿ ಇಳಿಯುತ್ತದೆ. ಎರಡರ ನಡುವೆ ದಾರಿ ಹುಡುಕಿಕೊಳ್ಳಬೇಕು.

"ಹೆದರಬ್ಯಾಡ ತಾಯೀ, ಮೊದಲು ಕೂಗ್ಸು. ಅವ್ರಿಗೂ ಗೊತ್ತಾಗ್ಲಿ" ಎಂದ ಇಮಾಮಣ್ಣ.

ಅತ್ತಿಗೆ ಸಿಳ್ಳಿನ ಗುಂಡಿ ಒತ್ತಿದಳು. ಪರದೆಯೊಳಗೆ ಕೂಗಿತು. ಒಂದು ಉಸಿರಿನಷ್ಟು ಹೊತ್ತಾದ ಮೇಲೆ ಗುಡ್ಡದ ಬುಡದಿಂದ, ತೀರ ಸಣ್ಣಗೆ, ಅದೇ ಕೂಗು ಕಿಟಕಿಯಿಂದ ಒಳಗೆ ಬಂತು. ಅವಳ ತೋಳಿನ ಮೇಲೆ ರೋಮ ಎದ್ದು ನಿಂತದ್ದು ನನಗೆ ಕಂಡಿತು.

ಶುರುವಿನಲ್ಲಿ ಚೆನ್ನಾಗಿಯೇ ಹೋಯಿತು. ಹಸಿರನ್ನು ಸ್ವಲ್ಪ ಸ್ವಲ್ಪವೇ ಒತ್ತಿದಳು. ಎಂಜಿನ್ ಮುದುಕನಂತೆ ನಿಟ್ಟುಸಿರು ಬಿಟ್ಟು ಎದ್ದು, ಕಲ್ಲುಸೇತುವೆ ದಾಟಿ, ಬಿದಿರು ಮೆಳೆ ದಾಟಿ ಏರು ಹಿಡಿಯಿತು. ಹೊರಗೆ ಗೋಡೆ ಹತ್ತಿ ನಿಂತವರು "ಹೊಗೆ ಕಾಣ್ತು! ಹೊಗೆ ಕಾಣ್ತು!" ಎಂದು ಕೂಗಿದರು. ನಾನು ಬೆಂಕಿಯ ಬಣ್ಣ ನೋಡಿಕೊಂಡು ಕಪ್ಪು ಒತ್ತುತ್ತಿದ್ದೆ. ಅತ್ತಿಗೆಯ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

ಹೊಂಗೆ ತಿರುವಿನಲ್ಲಿ ಕೆಟ್ಟಿತು. ಅಲ್ಲಿ ಒಂದು ಕಡೆ ಬಂಡೆ, ಅದರಿಂದ ಸದಾ ಜಿನುಗುವ ನೀರು. ಇನ್ನೊಂದು ಕಡೆ ಹೊಂಗೆಮರಗಳ ಸಾಲು. ಆ ಕಾಲದಲ್ಲಿ ಹೂವು ಉದುರಿ ಹಳಿ ಕಾಣದಷ್ಟು ಬಿದ್ದಿರುತ್ತದೆ. ಮುಂದಿನ ಚಕ್ರ ಹೂವನ್ನು ಅರೆದು ಲೋಳೆ ಮಾಡುತ್ತಿದ್ದಂತೆ ಹಿಂದಿನವು ಇದ್ದಲ್ಲೇ ಗಿರ್ರನೆ ತಿರುಗತೊಡಗಿದವು. ಅತ್ತಿಗೆ ಆವಿ ಇಳಿಸಿ ಹಳದಿ ಒತ್ತಿದಳು. ಮರಳು ಬೀಳಲಿಲ್ಲ. ಹಿಂದಿನ ವಾರದವರು ಪೂರಾ ಖಾಲಿ ಮಾಡಿಟ್ಟಿದ್ದರು. ಪರದೆಯ ಮೇಲಿನ ಮರಗಳು ಮೆಲ್ಲಗೆ ಮುಂದಕ್ಕೆ ಸರಿಯತೊಡಗಿದವು. ಅಂದರೆ ರೈಲು ಹಿಂದಕ್ಕೆ ಜಾರುತ್ತಿತ್ತು. ಅವಳು ಕೆಂಪು ಒತ್ತಿ ಹಿಡಿದಳು. ನಿಂತಿತು.

ಹೊರಗಿನವರಿಗೆ ಹೊಗೆ ಒಂದೇ ಕಡೆ ನಿಂತದ್ದು ಕಂಡಿರಬೇಕು. ಗದ್ದಲ ತಣ್ಣಗಾಯಿತು.

ಅತ್ತಿಗೆ ಹಸಿರಿನ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಹೊನ್ನೂ, ಬಿಟ್ಬಿಡ್ಲಾ?"

"ಏನನ್ನ?"

"ಇಳಿಸ್ಬಿಡ್ತೀನಿ. ನಿಧಾನಕ್ಕೆ ಇಳಿಸಿದ್ರೆ ಯಾರಿಗೂ ಏನೂ ಆಗಲ್ಲ. ನಿಂತಾಗ ಎದೆ ಧಸಕ್ಕಂತು, ನಿಜ. ಆದ್ರೆ ಹಿಂದೇನೇ ಒಂಥರಾ ಹಗುರಾನೂ ಆಯ್ತು ಕಣೇ. ನಿಮ್ಮಣ್ಣನ ಜೊತೆ ಇದ್ದಿದ್ದು ಎಷ್ಟು ದಿನ? ಮತ್ತೆ ಇನ್ನೊಬ್ಬರನ್ನ ಮನೆಗೆ ಕರ್ಕೊಂಡು, ಅವ್ರಿಗೂ ಏನಾದ್ರೂ ಆದ್ರೆ... ಬರದೇ ಇದ್ರೆ ಹೋಗಿ ಪಾತ್ರೆ ತೊಳ್ಕೊಂಡಿರ್ತೀನಿ. ಅದು ನಂಗೆ ಅಭ್ಯಾಸ ಇದೆ."

ಒತ್ತಡದ ಮುಳ್ಳು ಇಳಿಯುತ್ತಿತ್ತು. "ನಿಂಗೆ ಅವ್ರು ಬ್ಯಾಡ ಅಂದ್ರೆ ಇಳಿಸು. ಹೆದರಿಕೆಗೆ ಇಳಿಸ್ಬೇಡ" ಎಂದೆ.

ಆಗ ಬಾಗಿಲಲ್ಲಿದ್ದ ಇಮಾಮಣ್ಣ, "ಯಾ ಅಲ್ಲಾ, ಇದೇನು!" ಎಂದು ಒಳಗೇ ನುಗ್ಗಿದ.

ಪರದೆಯ ಮೇಲೆ, ಎಂಜಿನ್ನಿನ ಮುಂದೆ, ಜನ ಬಂದಿದ್ದರು. ರೈಲು ನಡುದಾರಿಯಲ್ಲಿ ನಿಂತಾಗ ಇಳಿಯಬಾರದೆಂದು ಎಲ್ಲರಿಗೂ ಗೊತ್ತು. ಯಾವಾಗ ಜಾರುತ್ತದೋ ಹೇಳುವಂತಿಲ್ಲ. ಅಲ್ಲಿಯವರೆಗೆ ಯಾರೂ ಇಳಿದಿರಲಿಲ್ಲ. ಆಟದಲ್ಲಿ ಮನುಷ್ಯರೆಂದರೆ ಎಲ್ಲರಿಗೂ ಒಂದೇ ಮುಖ, ಒಂದೇ ಮೀಸೆ, ಒಂದೇ ನೀಲಿ ಅಂಗಿ. ಅಂಥ ನಾಲ್ಕೈದು ಜನ ಬಂಡೆಯ ಬುಡದಿಂದ ಮಣ್ಣು ಬಾಚಿ ಬಾಚಿ ಹಳಿಗೆ ಎರಚುತ್ತಿದ್ದರು. ಒಬ್ಬ ಮಾತ್ರ ಹೊಂಗೆಯ ಟೊಂಗೆ ಮುರಿದುಕೊಂಡು ಹಳಿಯ ಮೇಲಿನ ಹೂವನ್ನು ಗುಡಿಸುತ್ತಿದ್ದ.

ಅತ್ತಿಗೆ ಮೂಗು ತಗಲುವಷ್ಟು ಪರದೆಗೆ ಬಾಗಿದಳು. "ಇವ್ರಲ್ಲಿ ಯಾರೇ ಅವರು?"

"ಗೊತ್ತಾಗ್ತಿಲ್ಲ ಅತ್ತಿಗೇ. ಎಲ್ಲಾ ಒಂದೇ ಥರ ಇದಾರೆ."

"ಗುಡಿಸ್ತಿರೋರು" ಎಂದಳು. "ನೋಡು, ಕಡ್ಡಿ ಬಿಡದ ಹಾಗೆ ಗುಡಿಸ್ತಿದಾರೆ." ಆಮೇಲೆ ಅವಳ ದನಿಯೇ ಬದಲಾಯಿತು. "ಕಲ್ಲಿದ್ದಲು ಹಾಕು. ಬೇಗ."

ನಾನು ಹಾಕಿದೆ. ನೀರು ಕೆಳಗಿನ ಗೆರೆ ಮುಟ್ಟಿತ್ತು. ಈಗ ನೀರು ಬಿಟ್ಟರೆ ಆವಿ ಸಾಯುತ್ತದೆ, ಬಿಡದಿದ್ದರೆ ಬಾಯ್ಲರ್ ಕೆಡುತ್ತದೆ. ಅವಳನ್ನು ಕೇಳಿದೆ. "ಮುಳ್ಳು ಏರೋವರೆಗೂ ತಡಿ" ಎಂದಳು. ತಡೆದೆ. ಮುಳ್ಳು ಏರಿತು. ಅವಳು ಕೂಗಿಸಿದಳು. ಮಣ್ಣು ಎರಚುತ್ತಿದ್ದವರು ಓಡಿ ಕಣ್ಮರೆಯಾದರು, ಡಬ್ಬಿ ಹತ್ತಿಕೊಂಡಿರಬೇಕು. ಗುಡಿಸುವವನು ಹೋಗಲಿಲ್ಲ. ಮುಂದಿನ ಹಳಿಯ ಮೇಲೂ ಹೂವು ರಾಶಿ ಬಿದ್ದಿತ್ತು. ಅವನು ಬೆನ್ನು ಹಾಕಿ ನಿಂತು, ಟೊಂಗೆ ಮೇಲೆತ್ತಿ ಬಾ ಎಂಬಂತೆ ಬೀಸಿದ.

ಕೆಂಪು ಬಿಟ್ಟು ಹಸಿರು ಒತ್ತಿದಳು. ಚಕ್ರ ಮಣ್ಣು ಕಚ್ಚಿತು. ರೈಲು ಎದ್ದಿತು.

ಆ ತಿರುವನ್ನು ದಾಟುವವರೆಗಿನ ಹೊತ್ತನ್ನು ನಾನು ಹೇಗೆ ಹೇಳಲಿ? ಅವನು ಮುಂದೆ ಮುಂದೆ ಗುಡಿಸುತ್ತ ನಡೆಯುತ್ತಿದ್ದಾನೆ, ಇಡೀ ರೈಲು ಅವನ ಬೆನ್ನ ಹಿಂದೆ ಏರುತ್ತಿದೆ. ಒಂದು ಕೂದಲು ಹೆಚ್ಚು ಒತ್ತಿದರೆ ಅವನ ಮೇಲೆ ಹೋಗುತ್ತದೆ. ಕಡಿಮೆ ಮಾಡಿದರೆ ನಿಲ್ಲುತ್ತದೆ. ಇನ್ನೊಮ್ಮೆ ನಿಂತರೆ ಮೇಲೇಳುವ ಆವಿ ಇಲ್ಲ. ಅತ್ತಿಗೆ ಅವನ ಹೆಜ್ಜೆಯನ್ನೇ ನೋಡುತ್ತ, ಅವನು ಕಾಲೆತ್ತಿದಾಗ ಒತ್ತಿ, ಊರಿದಾಗ ಸಡಿಲಿಸಿ, ಮಗುವನ್ನು ನಡೆಸುವವಳ ಹಾಗೆ ಓಡಿಸಿದಳು. ಅವನು ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ. "ಸ್ವಲ್ಪ ಬೇಗ ನಡೀರಿ... ಹಾಂ, ಹಾಗೆ... ಅಲ್ಲಿ ಜಾರುತ್ತೆ, ನೋಡ್ಕೊಂಡು..." ಎಂದು ಪರದೆಯ ಜೊತೆ ಮಾತಾಡುತ್ತಲೇ ಇದ್ದಳು. ವರ್ಷಗಟ್ಟಲೆ ಹಿತ್ತಿಲಿನಲ್ಲಿ ಆಡದೆ ಉಳಿಸಿಕೊಂಡಿದ್ದ ಮಾತೆಲ್ಲ ಅವತ್ತೇ ಆಡಿ ಮುಗಿಸಿದಳೆಂದು ಕಾಣುತ್ತದೆ.

ಹೂವು ಮುಗಿದು ಒಣ ಹಳಿ ಬಂತು. ಅವನು ಟೊಂಗೆ ಎಸೆದು ಪಕ್ಕಕ್ಕೆ ಸರಿದು ಬಂಡೆಗೆ ಒರಗಿದ. ಎಂಜಿನ್ ಅವನನ್ನು ದಾಟಿತು. ಪರದೆಯಲ್ಲಿ ಮುಂದಿನದಷ್ಟೇ ಕಾಣುವುದು, ಹಿಂದೆ ಏನಾಯಿತೆಂದು ಕಾಣುವುದಿಲ್ಲ.

"ಹತ್ತಿದ್ರಾ? ಹೊನ್ನೂ, ಹತ್ಕೊಂಡ್ರಾ?"

"ಹತ್ತಿರ್ತಾರೆ ಅತ್ತಿಗೇ, ನೀನು ಮುಂದೆ ನೋಡು."

ನಾನು ನೀರು ಬಿಟ್ಟೆ. ಮುಳ್ಳು ಕುಸಿಯಿತು, ಆದರೆ ಆ ಹೊತ್ತಿಗೆ ವೇಗ ಕೂಡಿತ್ತು. ಸುರಂಗದೊಳಗೆ ಪರದೆ ಕಪ್ಪಾಯಿತು, ಮತ್ತೆ ಬೆಳಕಾಯಿತು. ಹೊರಗಿನಿಂದ ಕೇಕೆ ಎದ್ದಿತು. ಕಿಟಕಿಯಾಚೆ ನಿಜವಾದ ಎಂಜಿನ್ ನಿಜವಾದ ಹೊಗೆ ಉಗುಳುತ್ತ ಬಂದು ಪ್ಲಾಟ್‌ಫಾರ್ಮಿಗೆ ಒರಗಿತು. ಇಮಾಮಣ್ಣ ಅತ್ತಿಗೆಯ ತಲೆ ಮುಟ್ಟಿ ನೆಟಿಗೆ ಮುರಿದ. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು ಬಿಕ್ಕಳಿಕೆ ಹತ್ತಿತು.

ಅತ್ತಿಗೆ ಮಾತ್ರ ಓಡಿದಳು. ನಾನು ಬಿಕ್ಕುತ್ತಲೇ ಹಿಂದೆ ಓಡಿದೆ. ಡಬ್ಬಿಗಳಿಂದ ಜನ ಇಳಿದರು. ಅಕ್ಕಿ ಮೂಟೆ ಇಳಿದವು. ತಿದಿ ಇಳಿಯಿತು. ಕೊನೆಗೆ ಮಹಲಿಂಗಪ್ಪನ ಅಕ್ಕ ಮಡಿಲಕ್ಕಿ ಬುಟ್ಟಿ ಹಿಡಿದು, ಮುಖವೆಲ್ಲ ಮಸಿಯಾಗಿ ಇಳಿದಳು. ಅವಳ ಹಿಂದೆ ಯಾರೂ ಇಳಿಯಲಿಲ್ಲ.

"ತಮ್ಮ ಹತ್ತಲಿಲ್ಲ ಕಣಮ್ಮ" ಎಂದಳು. "ಕೊನೇ ಡಬ್ಬಿ ಹಿಡ್ಕೊಳ್ಳೋಕೆ ಓಡಿ ಬಂದ, ಕಾಲು ಜಾರ್ತು. ನೀವು ಹೋಗ್ರಿ, ಬರ್ತೀನಿ ಅಂತ ಕೈ ಮಾಡ್ದ."

ಗುಂಪಿನಲ್ಲಿ ಯಾರೋ, "ರೈಲು ಬಂತು, ಗಂಡು ಬರ್ಲಿಲ್ಲ. ಇದು ಒಪ್ಪಿದ ಹಾಗೋ, ಒಲ್ಲೆ ಅಂದ ಹಾಗೋ?" ಎಂದರು. ತಮಾಷೆಗೆ ಹೇಳಿದ್ದಲ್ಲ. ಎಲ್ಲರ ಕಣ್ಣೂ ಚಿಕ್ಕಪ್ಪನ ಕಡೆ ತಿರುಗಿತು. ಚಿಕ್ಕಪ್ಪ ಬಾಯಲ್ಲಿದ್ದ ಅಡಿಕೆ ಅಗಿಯುವುದನ್ನು ನಿಲ್ಲಿಸಿದ.

ಅತ್ತಿಗೆ ಅವನ ಉತ್ತರಕ್ಕೆ ಕಾಯಲಿಲ್ಲ. ಇಮಾಮಣ್ಣನ ಕೈಯಿಂದ ಲಾಟೀನು ತೆಗೆದುಕೊಂಡು ಪ್ಲಾಟ್‌ಫಾರ್ಮಿನಿಂದ ಹಳಿಗೆ ಇಳಿದು ಸುರಂಗದ ಕಡೆ ನಡೆದಳು. ಅವಳ ಭಯ ನನಗೆ ಅರ್ಥವಾಯಿತು. ಗುಡ್ಡ ಹತ್ತಲು ಬೇರೆ ದಾರಿಯಿಲ್ಲ, ಆ ಸುರಂಗದಿಂದಲೇ ಬರಬೇಕು. ರೈಲು ಈಗಷ್ಟೇ ದಾಟಿದ್ದರಿಂದ ಅದರ ತುಂಬ ಹೊಗೆ.

ಸುರಂಗದ ಬಾಯಿಂದ ಹೊಗೆ ದಟ್ಟವಾಗಿ ಹೊರಬರುತ್ತಿತ್ತು. ಅತ್ತಿಗೆ ಲಾಟೀನು ಎತ್ತಿ ಹಿಡಿದು ಕೂಗಿದಳು. ಹೆಸರು ಹಿಡಿದು ಕೂಗುವುದು ಹೇಗೆಂದು ತೋಚದೆ, "ರೀ! ರೀ!" ಎಂದು ಕೂಗಿದಳು. ಒಳಗೆ ಅವಳ ಕೂಗೇ ತಿರುಗಿ ತಿರುಗಿ ಸುಮ್ಮನಾಯಿತು. ಮತ್ತೆ ಕೂಗಿದಳು. ಅವಳು ಸೆರಗು ಮೂಗಿಗೆ ಕಟ್ಟಿಕೊಂಡು ಒಳಗೆ ಹೆಜ್ಜೆಯಿಟ್ಟಾಗ ನಾನು ಅವಳ ಸೀರೆ ಹಿಡಿದುಕೊಂಡೆ.

ಒಳಗಿನಿಂದ ಕೆಮ್ಮು ಕೇಳಿಸಿತು.

ಗೋಡೆ ತಡವಿಕೊಂಡು ಬಂದ. ಟವೆಲನ್ನು ಬಂಡೆಯಿಂದ ಜಿನುಗುವ ನೀರಿನಲ್ಲಿ ನೆನೆಸಿ ಮೂಗುಬಾಯಿಗೆ ಸುತ್ತಿಕೊಂಡಿದ್ದ. ಒಂದು ಕಾಲಿಗೆ ಚಪ್ಪಲಿಯಿಲ್ಲ. ಮದುವೆಗೆಂದು ಉಟ್ಟ ಬಿಳಿ ಪಂಚೆ ಯಾವ ಬಣ್ಣಕ್ಕೂ ಸೇರದಂತಾಗಿತ್ತು. ಬೆಳಕಿಗೆ ಬಂದು, ಟವೆಲು ಕೆಳಗೆಳೆದು, ಬಾಯಿ ತುಂಬ ಗಾಳಿ ಕುಡಿದ.

"ಓಡ್ಸಿದ್ದು ನೀವೇನಾ?" ಎಂದು ಕೇಳಿದ.

"ಹೂಂ."

"ಬೆನ್ನಿಗೆ ಬಿಸಿ ತಾಗ್ತಿತ್ತು."

"ಹೆದರಿಕೆ ಆಗ್ಲಿಲ್ವಾ?"

"ತಿರುಗಿ ನೋಡಿದ್ರೆ ಆಗ್ತಿತ್ತು. ನೋಡ್ಲಿಲ್ಲ."

ಅತ್ತಿಗೆಯ ಕಣ್ಣು ತುಂಬಿತು. "ನೀವು ಹತ್ತಿದ್ರೋ ಇಲ್ವೋ ಗೊತ್ತಾಗ್ಲಿಲ್ಲ. ನಿಲ್ಲಿಸಿದ್ರೆ ಮತ್ತೆ ಏಳ್ತಿರ್ಲಿಲ್ಲ, ಅದಕ್ಕೇ..."

"ನಿಲ್ಲಿಸ್ಲಿಲ್ವಲ್ಲ, ಆಗ್ಲೇ ಜೀವ ಬಂತು ನಂಗೆ" ಎಂದ ಅವನು. "ನಿಮ್ಮ ಮಾವ ಹೇಳಿದ ಮಾತು ನನ್ನ ಕಿವಿಗೂ ಬಿದ್ದಿತ್ತು. ಇವ್ರಿಗೆ ನಾನು ಬೇಕು ಅಂತ ಗೊತ್ತಾಯ್ತು. ಇನ್ನೇನು, ನಡ್ಕೊಂಡು ಬಂದ್ರಾಯ್ತು ಅಂದ್ಕೊಂಡೆ."

ಅವಳು ಲಾಟೀನನ್ನು ನನ್ನ ಕೈಗೆ ಕೊಟ್ಟು, ಅವನ ತೋಳು ಹಿಡಿದುಕೊಂಡಳು. ಊರಿನವರೆಲ್ಲ ನೋಡುವಂತೆ, ಹಳಿಯ ನಡುವೆ, ಚಪ್ಪಲಿಯಿಲ್ಲದ ಕಾಲಿಗೆ ಜಲ್ಲಿ ಚುಚ್ಚದ ಜಾಗ ನೋಡಿ ನೋಡಿ ನಡೆಸಿಕೊಂಡು ಬಂದಳು. ನನ್ನ ಬಿಕ್ಕಳಿಕೆ ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಚಿಕ್ಕಪ್ಪ ನಿಂತಿದ್ದ. ಒಂದು ಕೈಯಲ್ಲಿ ತುಂಬಿದ ಚೊಂಬು, ಹೆಗಲ ಮೇಲೆ ಒಗೆದ ಪಂಚೆ. ಎಲ್ಲಿಂದ ತರಿಸಿದ್ದನೋ. ನಾನು ಅವನ ಮುಖ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ, ಅತ್ತಿಗೆಯ ಕಡೆಯೂ ನೋಡಲಿಲ್ಲ.

"ಗುಡ್ಡ ಏನಂತೋ ನಂಗೊತ್ತಿಲ್ಲ" ಎಂದ. "ಬೀಗರು ಬಂದು ನಿಂತಿದಾರೆ. ಕಾಲಿಗೆ ನೀರು ತಗೊಳ್ಳಪ್ಪ."

ಮಹಲಿಂಗಪ್ಪ ಪಂಚೆ ಎತ್ತಿ ಹಿಡಿದ. ಚಿಕ್ಕಪ್ಪ ತಾನೇ ಬಗ್ಗಿ ಅವನ ಕಾಲಿನ ಮೇಲೆ ನೀರು ಹೊಯ್ದ. ಮಸಿ, ಮಣ್ಣು, ಹೊಂಗೆ ಹೂವಿನ ಎಸಳು ಎಲ್ಲ ಸೇರಿ ಕಲ್ಲಿನ ಮೇಲೆ ಕಪ್ಪಗೆ ಹರಿಯಿತು. ಚೊಂಬು ಬರಿದಾಯಿತು, ಕಾಲು ಇನ್ನೂ ಬೆಳ್ಳಗಾಗಿರಲಿಲ್ಲ.

"ಹೊನ್ನಮ್ಮಾ, ನಿಂತ್ಕೊಂಡು ನೋಡ್ತೀಯಲ್ಲ" ಎಂದು ಚಿಕ್ಕಪ್ಪ ಚೊಂಬನ್ನು ನನ್ನ ಕಡೆ ಚಾಚಿದ. "ಇನ್ನೂ ನೀರು ತಾ. ಬಿಂದಿಗೇಲೇ ತಾ."